ಕೈಯಿಂದ ಕೈಗೆ ಮನೆಗಾಡಿ

2009ರ ಫೆಬ್ರವರಿ 9. ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ಕುಸಿದು ಬಿದ್ದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸುವ ತಮ್ಮ ಮಸೂದೆಗೆ ಜನರ ಬೆಂಬಲ ಕೇಳಲು ಅವರು ರಾಜಧಾನಿ ಬಿಟ್ಟು ಹೊರಟರು. ಹೋದದ್ದು ನ್ಯೂಯಾರ್ಕಿಗಲ್ಲ, ಡೆಟ್ರಾಯಿಟ್‌ಗೂ ಅಲ್ಲ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ, ಸುಮಾರು ಐವತ್ತು ಸಾವಿರ ಜನರ ಊರಿಗೆ. ಒಂದು ವರ್ಷದ ಹಿಂದೆ ಶೇಕಡಾ 5ರ ಆಸುಪಾಸಿನಲ್ಲಿದ್ದ ಅಲ್ಲಿನ ನಿರುದ್ಯೋಗ ಆ ಹೊತ್ತಿಗೆ ಶೇಕಡಾ 15ನ್ನು ದಾಟಿತ್ತು. ಮುಂದಿನ ತಿಂಗಳು ಅದು ಶೇಕಡಾ 20ರ ಹತ್ತಿರ ಬಂತು. ಬೀದಿಯಲ್ಲಿ ಎದುರಾಗುವ ಐವರು ದುಡಿಯುವವರಲ್ಲಿ ಒಬ್ಬರಿಗೆ ಕೆಲಸವಿಲ್ಲ.

ಅಮೆರಿಕವೆಲ್ಲ ನರಳುತ್ತಿದ್ದಾಗ ಈ ಒಂದು ಊರು ಯಾಕೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಆಳಕ್ಕೆ ಬಿತ್ತು? ಆ ಊರು ಏನು ಮಾಡಿ ಬದುಕುತ್ತಿತ್ತು ಎಂಬುದರಲ್ಲೇ ಉತ್ತರವಿದೆ. ಒಂದು ಕಾಲಕ್ಕೆ ಬ್ಯಾಂಡಿನ ಹಿತ್ತಾಳೆ ವಾದ್ಯಗಳಿಗೆ ಹೆಸರಾಗಿದ್ದ ಎಲ್ಕ್‌ಹಾರ್ಟ್, 1930ರ ದಶಕದಿಂದೀಚೆಗೆ ಚಕ್ರದ ಮೇಲಿನ ಮನೆಗಳನ್ನು ಕಟ್ಟುವ ಊರಾಯಿತು. ಇವತ್ತು ಅಮೆರಿಕದಲ್ಲಿ ತಯಾರಾಗುವ ಇಂಥ ಹತ್ತು ಗಾಡಿಗಳಲ್ಲಿ ಎಂಟು ಇಂಡಿಯಾನಾದಲ್ಲೇ, ಅದರಲ್ಲೂ ಹೆಚ್ಚಿನವು ಎಲ್ಕ್‌ಹಾರ್ಟ್ ಜಿಲ್ಲೆಯ ಸುತ್ತಮುತ್ತಲೇ ಹುಟ್ಟುತ್ತವೆ.

ಅಮೆರಿಕನ್ನರು ಇವನ್ನು ಚಿಕ್ಕದಾಗಿ ‘ಆರ್‌ವಿ’ ಎನ್ನುತ್ತಾರೆ. ನಮ್ಮಲ್ಲಿ ಕ್ಯಾರವಾನ್ ಎಂದೊಡನೆ ಶೂಟಿಂಗ್ ಜಾಗದಲ್ಲಿ ನಟರು ಕೂರುವ ಬಸ್ಸು ನೆನಪಾಗುತ್ತದೆ. ಅಲ್ಲಿ ಅದು ನಿವೃತ್ತ ಶಿಕ್ಷಕರಿಂದ ಹಿಡಿದು ಮಕ್ಕಳೊಂದಿಗೆ ರಜೆ ಕಳೆಯುವ ಕುಟುಂಬದವರೆಗೆ ಎಲ್ಲರ ಕನಸು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಟ್ರೈಲರ್ ಒಂದು ಬಗೆ, ತಾನೇ ಎಂಜಿನ್ ಹೊತ್ತು ಓಡುವ ಮೋಟಾರ್‌ಹೋಮ್ ಇನ್ನೊಂದು. ಎರಡರಲ್ಲೂ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಇರುತ್ತವೆ. ಈ ಬರಹದ ಮಟ್ಟಿಗೆ ಎರಡನ್ನೂ ಮನೆಗಾಡಿ ಎಂದು ಕರೆಯೋಣ.

ಮನೆಗಾಡಿ ಕೊಳ್ಳದಿದ್ದರೆ ಯಾರ ಜೀವವೂ ಹೋಗುವುದಿಲ್ಲ. ಸಂಸಾರಕ್ಕೆ ಕಷ್ಟ ಬರುವ ಸೂಚನೆ ಸಿಕ್ಕರೆ ಮೊದಲು ಕೈಬಿಡುವ ಖರ್ಚು ಅದೇ. ಕೊಳ್ಳುವವರಲ್ಲಿ ಬಹುಪಾಲು ಜನ ಸಾಲ ಮಾಡಿ ಕೊಳ್ಳುತ್ತಾರೆ, ಹಾಗಾಗಿ ಬಡ್ಡಿ ಏರಿದರೆ ಗಿರಾಕಿ ಮಾಯ. ಓಡಿಸಲು ಇಂಧನ ಬೇಕು, ಹಾಗಾಗಿ ತೈಲ ತುಟ್ಟಿಯಾದರೂ ಗಿರಾಕಿ ಮಾಯ. ಇಷ್ಟು ಸಾಲದೆಂಬಂತೆ, ಗಾಡಿಗಳನ್ನು ತಂದು ಅಂಗಳದಲ್ಲಿ ನಿಲ್ಲಿಸಿಕೊಳ್ಳುವ ಡೀಲರ್ ಕೂಡ ಬ್ಯಾಂಕಿನ ಸಾಲದಲ್ಲೇ ತರುತ್ತಾನೆ. ಬ್ಯಾಂಕು ಆ ಸಾಲ ನಿಲ್ಲಿಸಿದ ದಿನ ಅವನು ಹೊಸ ಗಾಡಿ ತರಿಸುವುದನ್ನು ನಿಲ್ಲಿಸುತ್ತಾನೆ, ಇದ್ದುದನ್ನು ಕಡಿಮೆ ಬೆಲೆಗೆ ತಳ್ಳುತ್ತಾನೆ. ಕಾರ್ಖಾನೆಗೆ ಬರುವ ಆರ್ಡರು ತಿಂಗಳುಗಟ್ಟಲೆ ಬತ್ತಿ ಹೋಗುತ್ತದೆ. 2006ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಸುಮಾರು 3,90,000 ಮನೆಗಾಡಿಗಳು ಹೊರಬಿದ್ದಿದ್ದವು. 2009ರಲ್ಲಿ ಆ ಸಂಖ್ಯೆ 1,66,000ದಷ್ಟಕ್ಕೆ ಇಳಿಯಿತು.

ಇಂಥ ಪೆಟ್ಟು ಈ ಉದ್ಯಮಕ್ಕೆ ಹೊಸದಲ್ಲ. 1930ರ ದಶಕದ ಮಹಾ ಕುಸಿತ, 1973ರ ತೈಲ ಬಿಕ್ಕಟ್ಟು, 1979-80ರ ತೈಲ ಮತ್ತು ಬಡ್ಡಿಯ ಜೋಡಿ ಹೊಡೆತ, 2008: ಪ್ರತಿ ಸಲವೂ ಇನ್ನು ಮುಗಿಯಿತು ಎಂದವರಿದ್ದರು. ಮುಗಿಯಲಿಲ್ಲ. ಎಂಬತ್ತು ವರ್ಷಗಳಷ್ಟು ಹಳೆಯ ಹೆಸರುಗಳು ಇವತ್ತೂ ರಸ್ತೆಯ ಮೇಲಿವೆ. ಆದರೆ ಆ ಹೆಸರುಗಳ ಹಿಂದಿನ ಒಡೆಯರು ಯಾರೆಂದು ಹುಡುಕುತ್ತ ಹೋದರೆ ಬೇರೆಯದೇ ಕಥೆ ಸಿಗುತ್ತದೆ. ಉಳಿದವು ಕಂಪನಿಗಳಿಗಿಂತ ಹೆಚ್ಚಾಗಿ ಹೆಸರುಗಳು. ಅವು ಒಬ್ಬರ ಕೈ ಸೋತಾಗ ಇನ್ನೊಬ್ಬರ ಕೈಗೆ ದಾಟಿದವು. ಯಾರ ಕೈಗೆ, ಯಾವಾಗ, ಎಷ್ಟು ಭಾರ ಕಳಚಿಕೊಂಡು ದಾಟಿದವು ಎಂಬುದೇ ಈ ಉದ್ಯಮದ ಚರಿತ್ರೆ.

1936ರಲ್ಲಿ ಅಮೆರಿಕದ ಅತಿ ದೊಡ್ಡ ಟ್ರೈಲರ್ ತಯಾರಕ ಯಾರೆಂದು ಕೇಳಿದ್ದರೆ ಎಲ್ಲರೂ ಡೆಟ್ರಾಯಿಟ್ ಕಡೆಯ ‘ಕವರ್ಡ್ ವ್ಯಾಗನ್’ ಕಂಪನಿಯನ್ನು ತೋರಿಸುತ್ತಿದ್ದರು. ಅದನ್ನು ಕಟ್ಟಿದ ಆರ್ಥರ್ ಶೆರ್ಮನ್ ಮೂಲತಃ ಸೂಕ್ಷ್ಮಜೀವಿ ವಿಜ್ಞಾನಿ. ಆಗ ಕ್ಯಾಲಿಫೋರ್ನಿಯಾದಲ್ಲಿ ಇದ್ದ ವಾಲಿ ಬಯಮ್ ಅವರ ‘ಏರ್‌ಸ್ಟ್ರೀಮ್’ ಸಣ್ಣ ಕಂಪನಿ. ಬಯಮ್ ಜಾಹೀರಾತು ಮತ್ತು ಪತ್ರಿಕೆಗಳ ಲೋಕದಿಂದ ಬಂದವರು. ಟ್ರೈಲರ್ ಕಟ್ಟುವುದು ಹೇಗೆಂಬ ನಕ್ಷೆಗಳನ್ನು ಅಂಚೆಯಲ್ಲಿ ಮಾರುತ್ತಿದ್ದರು. ಅದೇ ಕ್ಯಾಲಿಫೋರ್ನಿಯಾದಲ್ಲಿ ಹಾಲಿ ಬೌಲಸ್ ಎಂಬ ಗ್ಲೈಡರ್ ವಿನ್ಯಾಸಕಾರರಿದ್ದರು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ವಿಮಾನ ತಯಾರಾದಾಗ ಅದರ ಉಸ್ತುವಾರಿ ನೋಡಿದವರು ಅವರು. ವಿಮಾನದಂತೆಯೇ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಹೊಳೆಯುವ ಟ್ರೈಲರ್ ಒಂದನ್ನು ಬೌಲಸ್ 1934ರಲ್ಲಿ ಹೊರತಂದರು. ಕಣ್ಣು ಕುಕ್ಕುವ ವಸ್ತು. ಆದರೆ ವ್ಯಾಪಾರ ನಡೆಯಲಿಲ್ಲ, ಕಂಪನಿ ಮುಳುಗಿತು. ಆ ಟ್ರೈಲರನ್ನು ಮಾರಿಕೊಡುತ್ತಿದ್ದ ಬಯಮ್ ಅದರ ಗುಣವನ್ನೂ ದೋಷವನ್ನೂ ಹತ್ತಿರದಿಂದ ಬಲ್ಲವರು. ಮುಂಭಾಗದಲ್ಲಿದ್ದ ಬಾಗಿಲನ್ನು ಪಕ್ಕಕ್ಕೆ ತಂದರು, ಒಳಗಿನ ಜಾಗವನ್ನು ಸರಿಪಡಿಸಿದರು. 1936ರಲ್ಲಿ ಅದು 1,200 ಡಾಲರ್ ಬೆಲೆಯ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಆಗಿ ಮಾರುಕಟ್ಟೆಗೆ ಬಂತು.

ಇವತ್ತು ಅಮೆರಿಕದ ಸಂಕೇತಗಳಲ್ಲಿ ಒಂದೆನಿಸಿಕೊಂಡಿರುವ ಆ ಬೆಳ್ಳಿಬಣ್ಣದ ಗಾಡಿ, ಹೀಗೆ ಸೋತುಹೋದ ಒಂದು ಕಂಪನಿಯ ಅವಶೇಷದಿಂದ ಎದ್ದದ್ದು. ಆಗ ದೇಶದಲ್ಲಿ ಟ್ರೈಲರ್ ಕಟ್ಟುವವರು ನಾನೂರರಷ್ಟಿದ್ದರು ಎನ್ನುತ್ತಾರೆ. ಮಹಾ ಕುಸಿತ ಮತ್ತು ಎರಡನೇ ಮಹಾಯುದ್ಧ ಎರಡನ್ನೂ ದಾಟಿ ಇವತ್ತಿಗೂ ಉಳಿದದ್ದು ತಾನೊಂದೇ ಎಂದು ಏರ್‌ಸ್ಟ್ರೀಮ್ ಹೇಳಿಕೊಳ್ಳುತ್ತದೆ. ಯುದ್ಧ ಬಂದಾಗ ಅಲ್ಯೂಮಿನಿಯಂ ಎಲ್ಲ ವಿಮಾನಗಳಿಗೆ ಮೀಸಲಾಯಿತು. ಬಯಮ್ ಬಾಗಿಲು ಹಾಕಿ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಹೋದರು, ಯುದ್ಧ ಮುಗಿದ ಮೇಲೆ ಮತ್ತೆ ಶುರುಮಾಡಿದರು. 1952ರಲ್ಲಿ ಒಹಾಯೋ ರಾಜ್ಯದ ಜಾಕ್ಸನ್ ಸೆಂಟರ್ ಎಂಬ ಹಳ್ಳಿಯಂಥ ಊರಿನಲ್ಲಿ ಎರಡನೇ ಕಾರ್ಖಾನೆ ತೆರೆದರು. ಗಿರಾಕಿಗಳ ದೊಡ್ಡ ತಂಡಗಳನ್ನು ಕಟ್ಟಿಕೊಂಡು ದೇಶದೇಶ ಸುತ್ತಿದರು, ಆಫ್ರಿಕಾದಲ್ಲಿ ಕೇಪ್‌ಟೌನಿನಿಂದ ಕೈರೋವರೆಗೂ ಹೋದರು. ಅವರು 1962ರಲ್ಲಿ ತೀರಿಕೊಂಡ ಮೇಲೆ 1963-64ರಲ್ಲಿ ನಡೆದ ಲೋಕಸಂಚಾರ ಸಿಂಗಪುರದಿಂದ ಹೊರಟು ಲಿಸ್ಬನ್‌ವರೆಗೆ ಸಾಗಿತು. ಆ ಬೆಳ್ಳಿಗಾಡಿಗಳ ಸಾಲು ನಮ್ಮ ದೇಶವನ್ನೂ ಹಾದುಹೋಗಿದೆ.

ಬಯಮ್ ಇಲ್ಲದ ಏರ್‌ಸ್ಟ್ರೀಮನ್ನು 1967ರಲ್ಲಿ ಕೊಂಡವರು ಬಿಯಾಟ್ರಿಸ್ ಫುಡ್ಸ್. ಬೆಣ್ಣೆ, ಹಾಲಿನ ವ್ಯಾಪಾರದಿಂದ ಬೆಳೆದ ಶಿಕಾಗೋದ ಕಂಪನಿ ಅದು. ಬೆಣ್ಣೆಯವರಿಗೆ ಗಾಡಿ ಯಾಕೆ ಎನ್ನಿಸಬಹುದು. 1960ರ ದಶಕದ ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಸಂಬಂಧವೇ ಇಲ್ಲದ ಸಣ್ಣ ಕಂಪನಿಗಳನ್ನು ಕೊಳ್ಳುವುದು ಒಂದು ಅಲೆಯಂತೆ ನಡೆದಿತ್ತು. ಒಂದು ವ್ಯಾಪಾರ ಬಿದ್ದರೆ ಇನ್ನೊಂದು ಎತ್ತಿ ಹಿಡಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಯಾತ್ರಿಗಳನ್ನು ಸೋಂಕಿನ ಭಯದಿಂದ ಪ್ರತ್ಯೇಕವಾಗಿರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಒಂದರಲ್ಲೇ. ಅದರ ಕಿಟಕಿಯಾಚೆ ನಿಂತು ಅಧ್ಯಕ್ಷ ನಿಕ್ಸನ್ ಅವರೊಂದಿಗೆ ಮಾತಾಡಿದ ಚಿತ್ರವನ್ನು ಲೋಕವೆಲ್ಲ ನೋಡಿತು. ನಾಲ್ಕು ವರ್ಷ ಕಳೆದು ಕೆಲವೇ ತಿಂಗಳಲ್ಲಿ ಅರಬ್ ದೇಶಗಳು ತೈಲದ ನಲ್ಲಿ ತಿರುಗಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. 1979ರಲ್ಲಿ ಅದೇ ಕಥೆ ಮತ್ತೊಮ್ಮೆ. ನಷ್ಟದ ಗಾಡಿ ಕಂಪನಿ ಬಿಯಾಟ್ರಿಸ್‌ಗೆ ಬೇಡವಾದ ಕೂಸಾಯಿತು.

ಇಲ್ಲಿಗೆ ಇಬ್ಬರು ಗೆಳೆಯರು ಬರುತ್ತಾರೆ. ಒಬ್ಬರು ನ್ಯೂಜಿಲೆಂಡಿನಲ್ಲಿ ಹುಟ್ಟಿ ಓದಲು ನ್ಯೂಯಾರ್ಕಿಗೆ ಬಂದ ವೇಡ್ ಥಾಂಪ್ಸನ್, ಇನ್ನೊಬ್ಬರು ಪೀಟರ್ ಆರ್ತ್‌ವೈನ್. ಗಾಡಿ ಕಟ್ಟಿ ಬೆಳೆದವರಲ್ಲ ಇವರು. ಕಂಪನಿ ಕೊಳ್ಳುವ ಲೆಕ್ಕಾಚಾರ ಬಲ್ಲವರು. 1977ರಲ್ಲಿ ‘ಹೈ-ಲೋ’ ಎಂಬ ಸಣ್ಣ ಟ್ರೈಲರ್ ಕಂಪನಿಯನ್ನು ಕೊಂಡಿದ್ದರು. ಓಡುವಾಗ ಅದರ ಮೇಲಿನ ಅರ್ಧ ಕೆಳಗಿಳಿದು ಕೂರುತ್ತದೆ, ನಿಂತಾಗ ಮೇಲೇಳುತ್ತದೆ. ಗಾಳಿಯ ತಡೆ ಕಡಿಮೆಯಾದ್ದರಿಂದ ಇಂಧನವೂ ಕಡಿಮೆ ಸಾಕು. 1980ರ ಆಗಸ್ಟಿನಲ್ಲಿ, ಬಡ್ಡಿ ಮತ್ತು ತೈಲ ಎರಡೂ ಏರಿ ಯಾರಿಗೂ ಈ ಉದ್ಯಮ ಬೇಡವಾಗಿದ್ದ ಹೊತ್ತಿನಲ್ಲಿ, ಇಬ್ಬರೂ ಸೇರಿ ಬಿಯಾಟ್ರಿಸ್‌ನಿಂದ ಏರ್‌ಸ್ಟ್ರೀಮನ್ನು ಕೊಂಡರು. ತಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಹೊಸ ಕಂಪನಿಗೆ ‘ಥಾರ್’ ಎಂದು ಹೆಸರಿಟ್ಟರು. ನಾರ್ಸ್ ಪುರಾಣದ ಗುಡುಗಿನ ದೇವರ ಹೆಸರೂ ಅದೇ.

ಅವರು ಕಾರ್ಖಾನೆಯನ್ನು ಜಾಕ್ಸನ್ ಸೆಂಟರ್‌ನಲ್ಲೇ ಉಳಿಸಿದರು, ಖರ್ಚನ್ನು ಇಳಿಸಿದರು, ಗುಣಮಟ್ಟ ಸರಿಪಡಿಸಿದರು. ಬೇಗನೆ ಲಾಭ ಕಂಡಿತು. ಮುಂದಿನ ದಶಕಗಳಲ್ಲಿ ಡಚ್‌ಮೆನ್, ಫೋರ್ ವಿಂಡ್ಸ್, ಡೇಮನ್ ಹೀಗೆ ಒಂದೊಂದೇ ಹೆಸರು ಥಾರ್‌ನ ಬುಟ್ಟಿಗೆ ಬಿದ್ದವು. 2001ರ ನವೆಂಬರಿನಲ್ಲಿ, ಅವಳಿ ಗೋಪುರಗಳು ಉರುಳಿ ಎರಡು ತಿಂಗಳಾಗಿದ್ದಾಗ, ಹಿಂಜರಿತದ ನಡುವೆಯೇ, ಥಾರ್ ಇಂಡಿಯಾನಾದ ಕೀಸ್ಟೋನ್ ಕಂಪನಿಯನ್ನು ಕೊಂಡಿತು. ಎಲ್ಲರೂ ಹೆದರಿ ಕೈಕಟ್ಟಿ ಕೂತಾಗ ಕೊಳ್ಳುವುದು ಅವರ ರೂಢಿಯೇ ಆಯಿತು.

ಥಾರ್ ಪಾಲಿಸಿದ ಎರಡು ಸೂತ್ರಗಳನ್ನು ಗಮನಿಸಬೇಕು. ಮೊದಲನೆಯದು, ಕೊಂಡ ಕಂಪನಿಯನ್ನು ಕರಗಿಸಲಿಲ್ಲ. ಹೆಸರು, ವಿನ್ಯಾಸಕಾರರು, ಡೀಲರುಗಳು ಎಲ್ಲ ಹಾಗೆಯೇ ಉಳಿದರು. ಥಾರ್‌ನ ಒಂದು ಗಾಡಿ ಥಾರ್‌ನದೇ ಇನ್ನೊಂದು ಗಾಡಿಯೊಂದಿಗೆ ಪೈಪೋಟಿಗಿಳಿಯಿತು. ಎರಡನೆಯದು, ಸಾಲ ಮಾಡಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಸಂಸಾರಕ್ಕೆ ಹೇಳಿದ್ದನ್ನು ಇವರು ಕಂಪನಿಗೆ ಪಾಲಿಸಿದರು. ಏರಿಳಿತವೇ ಹುಟ್ಟುಗುಣವಾಗಿರುವ ಉದ್ಯಮದಲ್ಲಿ ಸಾಲದ ಕಂತು ಮಾತ್ರ ಏರಿಳಿಯುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಎಲ್ಲರೂ ಕೊಳ್ಳುವ ದಾರಿಯಲ್ಲೇ ಉಳಿದರು ಎಂದಲ್ಲ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ಕಥೆ ಬೇರೆ. ಹೊಲಗದ್ದೆಗಳ ನಡುವಿನ ಆ ಊರಿನಲ್ಲಿ ಪೀಠೋಪಕರಣದ ಅಂಗಡಿ ಮತ್ತು ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಜಾನ್ ಹ್ಯಾನ್ಸನ್ ಮತ್ತು ಊರಿನ ಕೆಲವರು ಸೇರಿ 1958ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈಲರ್ ಕಂಪನಿಯೊಂದನ್ನು ಅಲ್ಲಿಗೆ ಕರೆತಂದರು. ಅದು ಬೇಗನೆ ತೊಂದರೆಗೆ ಸಿಕ್ಕಿತು, ಊರಿನವರೇ ಕೊಂಡರು. ತಮ್ಮ ಜಿಲ್ಲೆಯ ಹೆಸರನ್ನೇ ಇಟ್ಟು ‘ವಿನ್ನೆಬಾಗೊ’ ಎಂದು ಕರೆದರು. 1966ರಲ್ಲಿ ಅಗ್ಗದ ಮೋಟಾರ್‌ಹೋಮ್ ತಂದು, 1970ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಕಾಲಿಟ್ಟಾಗ ಷೇರು ಕೊಂಡಿದ್ದ ಫಾರೆಸ್ಟ್ ಸಿಟಿಯ ಸಾಮಾನ್ಯರು ಕಾಗದದ ಮೇಲೆ ಸಿರಿವಂತರಾದರು. ತೈಲ ಬಿಕ್ಕಟ್ಟು ಬಂದಾಗ ಆ ಸಿರಿ ಕಾಗದದ ಮೇಲೂ ಉಳಿಯಲಿಲ್ಲ. ನಿವೃತ್ತರಾಗಿದ್ದ ಹ್ಯಾನ್ಸನ್ 1979ರಲ್ಲಿ ಮರಳಿ ಬಂದು ಚುಕ್ಕಾಣಿ ಹಿಡಿದರು. ನಿರ್ದಯವಾಗಿ ಕೆಲಸಗಾರರನ್ನು ಕಡಿತಗೊಳಿಸಿದರು, ಸಾಲ ತೀರಿಸಿದರು, ಫ್ರಾನ್ಸಿನ ರೆನೋ ಗಾಡಿಯ ಮೇಲೆ ಕಟ್ಟಿದ, ಕಡಿಮೆ ಇಂಧನ ಕುಡಿಯುವ ಸಣ್ಣ ಮೋಟಾರ್‌ಹೋಮ್ ತಂದರು. ಕಂಪನಿ ಉಳಿಯಿತು, ಒಡೆತನವೂ ಬದಲಾಗಲಿಲ್ಲ. ಆದರೆ ಒಂದೇ ಕಾರ್ಖಾನೆ ನಂಬಿಕೊಂಡ ಊರಿನಲ್ಲಿ ಕೆಲಸ ಹೋದವರಿಗೆ ಹೋಗಲು ಬೇರೆ ಗೇಟು ಇರಲಿಲ್ಲ.

ಒಡೆಯ ಬದಲಾದರೆ ಏನಾಗುತ್ತದೆ ಎಂಬುದನ್ನು ಎರಡು ಸಲ ಅನುಭವಿಸಿ ನೋಡಿದವರು ಪೀಟರ್ ಲೀಗಲ್. ಇಂಡಿಯಾನಾದಲ್ಲಿ ಮನೆಗಾಡಿ ಕಂಪನಿ ನಡೆಸುತ್ತಿದ್ದ ಅವರು ಅದನ್ನು ಸಾಲದ ಹಣದಿಂದ ಕಂಪನಿ ಕೊಳ್ಳುವ ಹೂಡಿಕೆದಾರರಿಗೆ ಮಾರಿದರು. ಹೊಸ ಒಡೆಯರು ಹೇಗೆ ನಡೆಸಬೇಕೆಂದು ಅವರಿಗೇ ಪಾಠ ಹೇಳತೊಡಗಿದರು. ಲೀಗಲ್ ಹೊರನಡೆದರು. ಸ್ವಲ್ಪ ಕಾಲದಲ್ಲೇ ಕಂಪನಿ ದಿವಾಳಿಯಾಯಿತು. 1996ರಲ್ಲಿ ಲೀಗಲ್ ಅದರ ಆಸ್ತಿಯನ್ನು ಮರಳಿ ಕೊಂಡು ‘ಫಾರೆಸ್ಟ್ ರಿವರ್’ ಕಟ್ಟಿದರು.

2005ರ ಜೂನ್ 21ರಂದು ಒಮಾಹಾದಲ್ಲಿರುವ ವಾರನ್ ಬಫೆಟ್ ಅವರ ಕಚೇರಿಗೆ ಎರಡು ಪುಟದ ಫ್ಯಾಕ್ಸ್ ಬಂತು. ಬರ್ಕ್‌ಶೈರ್ ಹ್ಯಾಥವೇ ಯಾವ ಬಗೆಯ ಕಂಪನಿಗಳನ್ನು ಕೊಳ್ಳುತ್ತದೆ ಎಂದು ಹೇಳಿಕೊಂಡಿತ್ತೋ ಆ ಗುಣಗಳೆಲ್ಲ ಫಾರೆಸ್ಟ್ ರಿವರ್‌ಗೆ ಇವೆ ಎಂದು ಅದರಲ್ಲಿ ಒಂದೊಂದಾಗಿ ವಿವರಿಸಲಾಗಿತ್ತು. ವರ್ಷಕ್ಕೆ 160 ಕೋಟಿ ಡಾಲರ್ ವ್ಯಾಪಾರವಿದ್ದ ಈ ಕಂಪನಿಯ ಹೆಸರನ್ನಾಗಲಿ, ಲೀಗಲ್ ಹೆಸರನ್ನಾಗಲಿ ತಾನು ಕೇಳಿರಲಿಲ್ಲ ಎಂದು ಬಫೆಟ್ ಷೇರುದಾರರಿಗೆ ಬರೆದಿದ್ದಾರೆ. ಒಂದು ವಾರದೊಳಗೆ, ಜೂನ್ 28ಕ್ಕೆ, ಇಬ್ಬರೂ ಕೈಕುಲುಕಿದರು. ಸಂಬಳ ಎಷ್ಟು ಬೇಕೆಂದು ಕೇಳಿದಾಗ ಲೀಗಲ್ ತಮ್ಮ ಬಾಸ್‌ಗಿಂತ ಹೆಚ್ಚು ಪಡೆಯಲು ಮನಸ್ಸಿಲ್ಲವೆಂದರು. ಬಫೆಟ್ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರ್. ಅವರಿಗೂ ಅಷ್ಟೇ ನಿಗದಿಯಾಯಿತು. ಇದ್ದುದಕ್ಕಿಂತ ಹೆಚ್ಚಿಗೆ ಲಾಭ ಗಳಿಸಿದರೆ ಅದರಲ್ಲಿ ಒಂದು ಪಾಲು. 2024ರ ನವೆಂಬರಿನಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರೇ ಕಂಪನಿ ನಡೆಸಿದರು.

ಚೆನ್ನಾಗಿ ನಡೆಯುತ್ತಿದ್ದ ಕಂಪನಿಯನ್ನು, ಒಮ್ಮೆ ಮಾರಿ ಕೈಸುಟ್ಟುಕೊಂಡಿದ್ದವರು ಯಾಕೆ ಮತ್ತೆ ಮಾರಿದರು? ಅವರ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳಲಾರೆವು. ಮೂರು ವರ್ಷದಲ್ಲಿ ಆದದ್ದನ್ನು ನೋಡಿದರೆ ಆ ಮಾರಾಟದ ಬೆಲೆ ತಿಳಿಯುತ್ತದೆ. 2008ರಲ್ಲಿ ಬ್ಯಾಂಕುಗಳು ಬಾಗಿಲು ಎಳೆದುಕೊಂಡಾಗ ಫಾರೆಸ್ಟ್ ರಿವರ್‌ನ ಬೆನ್ನಿಗೆ ಅಮೆರಿಕದ ಅತಿ ಗಟ್ಟಿ ಖಜಾನೆಗಳಲ್ಲಿ ಒಂದು ನಿಂತಿತ್ತು. ಬೇರೆಯವರು ಸಂಬಳ ಕೊಡಲು ಪರದಾಡುತ್ತಿದ್ದ ಆ ಡಿಸೆಂಬರಿನಲ್ಲಿ ಲೀಗಲ್, 1964ರಿಂದ ಮಿಡಲ್‌ಬರಿಯಲ್ಲಿ ಗಾಡಿ ಕಟ್ಟುತ್ತಿದ್ದ ಹಳೆಯ ಕಂಪನಿ ಕೋಚ್‌ಮನ್‌ನ ಮನೆಗಾಡಿ ವ್ಯಾಪಾರವನ್ನೇ ಕೊಂಡರು.

ಥಾರ್ ಕೂಡ ನಿಂತಿತು, ಬೇರೆ ಬಲದಿಂದ. 2006ರಲ್ಲಿ 300 ಕೋಟಿ ಡಾಲರ್ ದಾಟಿದ್ದ ಅದರ ಮಾರಾಟ 2009ಕ್ಕೆ ಅರ್ಧವಾಯಿತು. ಆದರೂ ಆ ವರ್ಷ ನಷ್ಟವಾಗಲಿಲ್ಲ, ತೀರಿಸಬೇಕಾದ ಸಾಲವಿರಲಿಲ್ಲ. ದೇಶದ ಅತಿ ದೊಡ್ಡ ಡೀಲರ್ ಸಂಸ್ಥೆಯ ಒಡೆಯರಿಗೆ ಬ್ಯಾಂಕು ಕೊಡದ ಸಾಲವನ್ನು ಥಾರ್ ತಾನೇ ಕೊಟ್ಟಿತು. ಡೀಲರ್ ಮುಳುಗಿದರೆ ಗಾಡಿ ಮಾರುವವರೇ ಇರುವುದಿಲ್ಲವಲ್ಲ.

ಬೆನ್ನಿಗೆ ಯಾರೂ ಇಲ್ಲದ, ಸಾಲ ಹೊತ್ತ ಕಂಪನಿಗಳ ಗತಿ ಬೇರೆಯಾಯಿತು. 1950ರಲ್ಲಿ ಜಾನ್ ಕ್ರೀನ್ ಕಟ್ಟಿದ ಕ್ಯಾಲಿಫೋರ್ನಿಯಾದ ಫ್ಲೀಟ್‌ವುಡ್ ಒಂದು ಕಾಲಕ್ಕೆ ಈ ಉದ್ಯಮದ ಹಿರಿಯಣ್ಣ. ಒರೆಗಾನ್ ರಾಜ್ಯದ ಮೊನಾಕೊ, ಶ್ರೀಮಂತರ ಬಸ್ಸಿನಂಥ ಮೋಟಾರ್‌ಹೋಮ್‌ಗಳಿಗೆ ಹೆಸರುವಾಸಿ. ಎರಡೂ 2009ರ ಮಾರ್ಚ್‌ನಲ್ಲಿ, ಒಂದು ವಾರದ ಅಂತರದೊಳಗೆ, ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಫ್ಲೀಟ್‌ವುಡ್ ಟ್ರೈಲರ್ ವಿಭಾಗವನ್ನೇ ಮುಚ್ಚಿತು. ಮೋಟಾರ್‌ಹೋಮ್ ವಿಭಾಗವನ್ನು ಅಮೆರಿಕನ್ ಇಂಡಸ್ಟ್ರಿಯಲ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆ ಕೊಂಡಿತು. ಮೊನಾಕೊವನ್ನು ಲಾರಿ ತಯಾರಿಸುವ ನ್ಯಾವಿಸ್ಟಾರ್ ಸುಮಾರು 4.7 ಕೋಟಿ ಡಾಲರಿಗೆ ಕೊಂಡಿತು. ಒಬಾಮ ಆಗಸ್ಟಿನಲ್ಲಿ ಎಲ್ಕ್‌ಹಾರ್ಟ್ ಜಿಲ್ಲೆಗೆ ಎರಡನೇ ಸಲ ಬಂದು ಮಾತಾಡಿದ್ದು ವಕರೂಸಾದಲ್ಲಿ ಮೊನಾಕೊದ ಕಾರ್ಖಾನೆಯಲ್ಲೇ. ಇನ್ನು ಇಲ್ಲಿ ವಿದ್ಯುತ್ ವಾಹನ ತಯಾರಾಗುತ್ತದೆ ಎಂಬ ಭರವಸೆಯೊಂದಿಗೆ. ಊರನ್ನು ಮೇಲೆತ್ತಿದ್ದು ಕೊನೆಗೆ ವಿದ್ಯುತ್ ವಾಹನವಲ್ಲ, ಹಳೆಯ ಮನೆಗಾಡಿಯೇ. 2013ರಲ್ಲಿ ನ್ಯಾವಿಸ್ಟಾರ್ ಮೊನಾಕೊವನ್ನು ಮಾರಿದಾಗ ಅದು ಹೋಗಿ ಸೇರಿದ್ದು ಫ್ಲೀಟ್‌ವುಡ್‌ನ ಹೊಸ ಒಡೆಯರ ಬಳಿಗೇ. ದಶಕಗಟ್ಟಲೆ ಪರಸ್ಪರ ಪೈಪೋಟಿ ನಡೆಸಿದ ಎರಡು ಹೆಸರುಗಳು ಒಂದೇ ಸೂರಿನಡಿ ಬಂದವು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿದುಕೊಳ್ಳಬೇಕು. ದಿವಾಳಿಯಾದ ಕಂಪನಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಕಂಪನಿಯನ್ನೇ ಕೊಳ್ಳುವುದಿಲ್ಲ, ಅದರ ಆಸ್ತಿಯನ್ನು ಕೊಳ್ಳುತ್ತಾರೆ. ಹೆಸರು, ಅಚ್ಚುಗಳು, ನಕ್ಷೆಗಳು, ಬೇಕೆನಿಸಿದ ಕಟ್ಟಡಗಳು ಹೊಸಬರ ಪಾಲಿಗೆ. ಹಳೆಯ ಸಾಲ, ಬಿಡಿಭಾಗ ಕೊಟ್ಟವರ ಬಾಕಿ, ನಿನ್ನೆ ಗಾಡಿ ಕೊಂಡವನಿಗೆ ಕೊಟ್ಟ ದುರಸ್ತಿಯ ಭರವಸೆ ಇವುಗಳಲ್ಲಿ ಯಾವುದನ್ನು ಹೊರಬೇಕು, ಯಾವುದನ್ನು ಬಿಡಬೇಕು ಎಂಬುದು ಒಪ್ಪಂದದ ಮಾತು. ಬಹುಮಟ್ಟಿಗೆ ಅವು ಹಿಂದೆ ಉಳಿದ ಟೊಳ್ಳು ಕಂಪನಿಯೊಂದಿಗೆ ಹೂತುಹೋಗುತ್ತವೆ. ಹೆಸರು ಹಗುರವಾಗಿ ಮತ್ತೆ ರಸ್ತೆಗಿಳಿಯುತ್ತದೆ.

ಕಾರ್ಖಾನೆಯೂ ಹಗುರವೇ. ಮನೆಗಾಡಿ ಕಾರ್ಖಾನೆಯೆಂದರೆ ಕಾರು ಕಾರ್ಖಾನೆಯಂತೆ ಸಾವಿರಾರು ಕೋಟಿಯ ಯಂತ್ರಗಳ ಲೋಕವಲ್ಲ. ದೊಡ್ಡ ಶೆಡ್ಡು, ಮರಗೆಲಸದ ಸಲಕರಣೆ, ಡ್ರಿಲ್ಲು, ಅಂಟು, ಚುರುಕು ಕೈಗಳು. ಆಕ್ಸೆಲ್, ಕಿಟಕಿ, ಫ್ರಿಜ್ಜು, ಒಲೆ ಎಲ್ಲವನ್ನೂ ಅದೇ ಜಿಲ್ಲೆಯ ಬೇರೆ ಕಂಪನಿಗಳು ತಂದುಕೊಡುತ್ತವೆ. ಹಾಗಾಗಿ ಹೊಸದಾಗಿ ತೆರೆಯುವುದೂ ಸುಲಭ, ಬಾಗಿಲು ಹಾಕುವುದೂ ಸುಲಭ. ಕೆಲಸಗಾರರಿಗೆ ಎಷ್ಟೋ ಕಡೆ ಕಟ್ಟಿದ ಗಾಡಿಗಳ ಲೆಕ್ಕದಲ್ಲಿ ಕೂಲಿ. ಆರ್ಡರು ತುಂಬಿದ ವರ್ಷ ಕೈತುಂಬ ದುಡ್ಡು, ಬತ್ತಿದ ವರ್ಷ ಮನೆಗೆ. ಕಂಪನಿಗಳು ಹಿಂಜರಿತದಲ್ಲಿ ಮುರಿಯದೆ ಬಾಗುತ್ತವೆ ಎಂದು ವ್ಯಾಪಾರ ಪತ್ರಿಕೆಗಳು ಹೊಗಳುತ್ತವೆ. ಬಾಗುವುದು ಯಾರ ಬೆನ್ನು ಎಂಬುದು ಎಲ್ಕ್‌ಹಾರ್ಟ್‌ನವರಿಗೆ ಗೊತ್ತು. ಆ ಕೆಲಸಗಾರರಲ್ಲಿ ಅನೇಕರು ಆಮಿಶ್ ಪಂಗಡದವರು. ಸ್ವಂತಕ್ಕೆ ಕಾರು ಇಟ್ಟುಕೊಳ್ಳದ, ಕುದುರೆಗಾಡಿಯಲ್ಲಿ ಓಡಾಡುವ ಈ ಜನ ಅಮೆರಿಕನ್ನರ ಹೆದ್ದಾರಿಯ ಕನಸನ್ನು ತಮ್ಮ ಕೈಯಾರೆ ಕಟ್ಟುತ್ತಾರೆ. ಸರ್ಕಾರದ ನೆರವಿಗೆ ಕೈಚಾಚಲು ಸಾಮಾನ್ಯವಾಗಿ ಹಿಂಜರಿಯುವ ಅವರನ್ನು 2009ರಲ್ಲಿ ಹಿಡಿದುಕೊಂಡದ್ದು ಅವರದೇ ಸಮುದಾಯ.

ಮೋಡ ಸರಿದ ಕೂಡಲೇ ಖರೀದಿಯ ಸುಗ್ಗಿ ಶುರುವಾಯಿತು. 2010ರಲ್ಲಿ ಥಾರ್ ಹಾರ್ಟ್‌ಲ್ಯಾಂಡನ್ನು ಕೊಂಡಿತು. ಇತ್ತ ಕೀಸ್ಟೋನ್‌ನಲ್ಲಿ ಪಳಗಿದ್ದ ಡಾನ್ ಕ್ಲಾರ್ಕ್ ಮತ್ತು ಫೆನೆಕ್ ಸಹೋದರರು 2012ರಲ್ಲಿ ಗ್ರ್ಯಾಂಡ್ ಡಿಸೈನ್ ಎಂಬ ಹೊಸ ಕಂಪನಿ ಕಟ್ಟಿದರು. ನಾಲ್ಕೇ ವರ್ಷದಲ್ಲಿ ವಿನ್ನೆಬಾಗೊ ಅದನ್ನು ಸುಮಾರು 50 ಕೋಟಿ ಡಾಲರಿಗೆ ಕೊಂಡಿತು. ಅರ್ಧ ಶತಮಾನ ಒಂದೇ ಊರು ನಂಬಿಕೊಂಡಿದ್ದ ವಿನ್ನೆಬಾಗೊ ಕೂಡ ಕೊನೆಗೆ ಇಂಡಿಯಾನಾಕ್ಕೆ ಬರಲೇಬೇಕಾಯಿತು.

ಅದೇ 2016ರಲ್ಲಿ ಜೇಕೋ ಮಾರಾಟವಾಯಿತು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಮಾರಾಟ. ಲಾಯ್ಡ್ ಬಾಂಟ್ರೇಗರ್ 1968ರಲ್ಲಿ ಮಿಡಲ್‌ಬರಿಯ ತಮ್ಮ ಜಮೀನಿನ ಕೋಳಿಮನೆಗಳಲ್ಲಿ ಕಟ್ಟಿದ ಕಂಪನಿ ಅದು. 1985ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಾಗ ಪತ್ನಿ ಬರ್ತಾ ಅಧ್ಯಕ್ಷತೆ ವಹಿಸಿ, ಕುಟುಂಬ ಅದನ್ನು ಉಳಿಸಿಕೊಂಡಿತ್ತು. 2008ರ ಬಿರುಗಾಳಿಯಲ್ಲಿ ಜೇಕೋ ಬೀಳಲಿಲ್ಲ. ಬಾಗಿಲು ಹಾಕಿದ ಟ್ರಾವೆಲ್ ಸುಪ್ರೀಮ್ ಕಂಪನಿಯ ಆಸ್ತಿ ಕೊಂಡು ಎಂಟೆಗ್ರಾ ಎಂಬ ಹೊಸ ಹೆಸರನ್ನೂ ಕಟ್ಟಿತು. ಸಾವಿಗೂ ಹಿಂಜರಿತಕ್ಕೂ ಬಗ್ಗದ ಆ ಮನೆತನ, ವ್ಯಾಪಾರ ಚೆನ್ನಾಗಿದ್ದ ವರ್ಷದಲ್ಲಿ ಜೇಕೋವನ್ನು 57.6 ಕೋಟಿ ಡಾಲರಿಗೆ ಥಾರ್‌ಗೆ ಒಪ್ಪಿಸಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಬುದ್ಧಿವಂತಿಕೆ ಕೊಳ್ಳುವವರಿಗಷ್ಟೇ ಅಲ್ಲ, ಮಾರುವವರಿಗೂ ಇರುತ್ತದೆ. ಆ ಖರೀದಿಗೆ ಥಾರ್ ಸಾಲ ಮಾಡಿತು. ಸಾಲವಿಲ್ಲದ ಕಂಪನಿ ಎಂಬ ಹಳೆಯ ಹೆಮ್ಮೆ ಅಲ್ಲಿಗೆ ಮುಗಿಯಿತು.

2019ರ ಫೆಬ್ರವರಿಯಲ್ಲಿ ಥಾರ್ ಇನ್ನಷ್ಟು ದೊಡ್ಡ ಸಾಲ ಮಾಡಿ ಜರ್ಮನಿಯ ಎರ್ವಿನ್ ಹೈಮರ್ ಸಮೂಹವನ್ನು ಕೊಂಡಿತು. ಮೊದಲು ಒಪ್ಪಿದ ಬೆಲೆ ಸುಮಾರು 210 ಕೋಟಿ ಯೂರೋ. ಒಪ್ಪಂದ ಮುಗಿಯುವ ಮೊದಲು ಹೈಮರ್‌ನ ಉತ್ತರ ಅಮೆರಿಕದ ವಿಭಾಗದ ಲೆಕ್ಕಪತ್ರಗಳಲ್ಲಿ ಅವ್ಯವಹಾರ ಪತ್ತೆಯಾಯಿತು. ಥಾರ್ ಆ ವಿಭಾಗವನ್ನು ಹೊರಗಿಟ್ಟು, ಬೆಲೆ ಇಳಿಸಿಕೊಂಡು ಉಳಿದುದನ್ನು ಕೊಂಡಿತು. ವ್ಯಾಪಾರದ ದೃಷ್ಟಿಯಿಂದ ಸರಿಯಾದ ನಡೆ. ಹೊರಗುಳಿದ ವಿಭಾಗವಿದ್ದದ್ದು ಕೆನಡಾದ ಕಿಚನರ್ ಪಟ್ಟಣದಲ್ಲಿ. ಅದು ಕೆಲವೇ ದಿನಗಳಲ್ಲಿ ಬಾಗಿಲು ಹಾಕಿತು, ಸುಮಾರು 900 ಮಂದಿ ಕೆಲಸ ಕಳೆದುಕೊಂಡರು. ಲೆಕ್ಕ ತಿದ್ದಿದ್ದು ಗಾಡಿಗೆ ಮೊಳೆ ಹೊಡೆಯುವವರಲ್ಲ. ಅಲ್ಲಿ ತಯಾರಾಗುತ್ತಿದ್ದ ರೋಡ್‌ಟ್ರೆಕ್ ಎಂಬ ಹೆಸರನ್ನು ಆಮೇಲೆ ಫ್ರಾನ್ಸಿನ ರಾಪಿಡೊ ಸಮೂಹ ಕೊಂಡಿತು. ಹೆಸರಿಗೆ ಗಿರಾಕಿ ಸಿಕ್ಕಿತು.

ಇವತ್ತು ಅಮೆರಿಕದ ಮನೆಗಾಡಿ ಮಾರುಕಟ್ಟೆಯ ಬಹುಪಾಲು ಥಾರ್, ಫಾರೆಸ್ಟ್ ರಿವರ್, ವಿನ್ನೆಬಾಗೊ ಎಂಬ ಮೂರು ಮನೆಗಳ ಕೈಯಲ್ಲಿದೆ. ಡೀಲರ್ ಅಂಗಳದಲ್ಲಿ ಹತ್ತಾರು ಹೆಸರುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಕೊಳ್ಳಲು ಬಂದ ದಂಪತಿ ಇದು ಚೆನ್ನವೋ ಅದು ಚೆನ್ನವೋ ಎಂದು ಗಂಟೆಗಟ್ಟಲೆ ತೂಗುತ್ತಾರೆ. ಎಷ್ಟೋ ಸಲ ಎರಡರ ಹಣವೂ ಹೋಗಿ ಸೇರುವುದು ಒಂದೇ ತಿಜೋರಿಗೆ.

ಹಾಗೆಂದು ಈ ಖರೀದಿಗಳನ್ನೆಲ್ಲ ರಣಹದ್ದಿನ ಕೆಲಸ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಥಾಂಪ್ಸನ್ ಮತ್ತು ಆರ್ತ್‌ವೈನ್ ಬರದಿದ್ದರೆ ಜಾಕ್ಸನ್ ಸೆಂಟರ್‌ನಲ್ಲಿ ಇವತ್ತು ರಿವೆಟ್ ಹೊಡೆಯುವ ಸದ್ದು ಕೇಳುತ್ತಿರಲಿಲ್ಲವೇನೋ. ಲೀಗಲ್ ಕೊಳ್ಳದಿದ್ದರೆ ಕೋಚ್‌ಮನ್‌ನ ಶೆಡ್ಡುಗಳಲ್ಲಿ ಹುಲ್ಲು ಬೆಳೆಯುತ್ತಿತ್ತೇನೋ. ಗಟ್ಟಿ ಒಡೆಯ ಸಿಕ್ಕ ಕಾರ್ಖಾನೆ ಮತ್ತೆ ತೆರೆಯಿತು, ಮನೆಗೆ ಕಳಿಸಿದವರಲ್ಲಿ ಕೆಲವರನ್ನಾದರೂ ಮರಳಿ ಕರೆಯಿತು. ಎಲ್ಕ್‌ಹಾರ್ಟ್ ಕೂಡ ಎದ್ದು ನಿಂತಿತು: 2017ರಲ್ಲಿ ಅಮೆರಿಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲು ಎಂದರೆ ಹೆದರುತ್ತಿದ್ದ ಜನ ಮನೆಗಾಡಿಗೆ ಮುಗಿಬಿದ್ದು, 2021ರಲ್ಲಿ ಆ ಸಂಖ್ಯೆ ಆರು ಲಕ್ಷ ಮುಟ್ಟಿತು. ಎರಡೇ ವರ್ಷದಲ್ಲಿ, ಬಡ್ಡಿ ಏರಿದ ಮೇಲೆ, 2023ರಲ್ಲಿ ಅದು 3,13,000ಕ್ಕೆ ಕುಸಿಯಿತು. ಈ ಸಲ ದೊಡ್ಡ ದಿವಾಳಿಗಳ ಸುದ್ದಿ ಬರಲಿಲ್ಲ. ಕಂಪನಿಗಳು ಪಾಠ ಕಲಿತಿದ್ದವು. ಪಾಳಿಗಳು ಕಡಿಮೆಯಾದವು, ವಾರದ ದುಡಿಮೆಯ ದಿನಗಳು ಕಡಿಮೆಯಾದವು. ಪೆಟ್ಟು ಬಿದ್ದದ್ದು ಸಂಬಳದ ಚೀಟಿಗಳ ಮೇಲೆ.

ಈ ಕಥೆಗೆ ಇನ್ನೊಂದು ಮುಖವಿದೆ. 1930ರ ದಶಕದಲ್ಲಿ ಕೆಲಸ, ಮನೆ ಕಳೆದುಕೊಂಡ ಅನೇಕ ಅಮೆರಿಕನ್ನರು ಟ್ರೈಲರುಗಳಲ್ಲೇ ಸಂಸಾರ ಹೂಡಿದ್ದರು. ವಿಹಾರಕ್ಕೆಂದು ಕಟ್ಟಿದ ಗಾಡಿ ಆಸರೆಯಾಯಿತು. 2008ರ ನಂತರ ಅದೇ ಮರುಕಳಿಸಿತು. ನೆವಾಡಾದ ಎಂಪೈರ್ ಎಂಬ ಕಂಪನಿ ಊರು 2011ರಲ್ಲಿ ಕಾರ್ಖಾನೆಯ ಜೊತೆಗೇ ಮುಚ್ಚಿತು. ಹೀಗೆ ಬೇರು ಕಿತ್ತ ಹಿರಿಯ ಜೀವಗಳು ಹಳೆಯ ವ್ಯಾನು, ಮನೆಗಾಡಿಗಳಲ್ಲಿ ಋತುವಿಗೊಂದು ಕೂಲಿ ಹುಡುಕುತ್ತ ಅಲೆದದ್ದನ್ನು ಜೆಸಿಕಾ ಬ್ರೂಡರ್ 2017ರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ದಾಖಲಿಸಿದರು. ಅದನ್ನು ಆಧರಿಸಿ ಕ್ಲೋಯಿ ಝಾವೋ ಮಾಡಿದ ಸಿನಿಮಾ 2021ರಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು. ಹಿಂಜರಿತದಲ್ಲಿ ಹೊಸ ಮನೆಗಾಡಿ ಯಾರಿಗೂ ಬೇಡ. ಹಳೆಯದು ಮಾತ್ರ ಹಲವರಿಗೆ ಇರುವ ಒಂದೇ ಮನೆ.

ಎಲ್ಕ್‌ಹಾರ್ಟ್‌ನಲ್ಲಿ ಮನೆಗಾಡಿಗಳ ಒಂದು ವಸ್ತುಸಂಗ್ರಹಾಲಯವಿದೆ. 1913ರಷ್ಟು ಹಳೆಯ ಟ್ರೈಲರ್ ಅಲ್ಲಿದೆ. ಅದೇ ಸಾಲಿನಲ್ಲಿ 1935ರ ಒಂದು ಕವರ್ಡ್ ವ್ಯಾಗನ್ ಕೂಡ ನಿಂತಿದೆ. ಆರ್ಥರ್ ಶೆರ್ಮನ್ ಕಂಪನಿಯದು, ಏರ್‌ಸ್ಟ್ರೀಮ್ ಇನ್ನೂ ಚಿಕ್ಕದಾಗಿದ್ದಾಗ ದೇಶಕ್ಕೇ ದೊಡ್ಡದಾಗಿದ್ದ ಕಂಪನಿಯದು. ಆ ಹೆಸರಿನ ಮನೆಗಾಡಿ ಈಗ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ಸಂಗ್ರಹಾಲಯದ ಹೊರಗೆ, ಹೆದ್ದಾರಿಯಲ್ಲಿ, ಹೊಸ ಗಾಡಿಗಳನ್ನು ಎಳೆದುಕೊಂಡು ಡೀಲರುಗಳ ಕಡೆಗೆ ಹೊರಟ ವಾಹನಗಳು ಸಾಗುತ್ತಿರುತ್ತವೆ. ಆ ಸಾಲು ಉದ್ದವಾದ ವರ್ಷ ಊರಿನಲ್ಲಿ ಮನೆ ಕಟ್ಟುತ್ತಾರೆ, ಮದುವೆ ಮಾಡುತ್ತಾರೆ. ಗಿಡ್ಡವಾದ ವರ್ಷ ಕಾಯುತ್ತಾರೆ.